ಸತುವಿನ ತ್ಯಾಗ

ಹೈಸ್ಕೂಲಿನಲ್ಲಿ ಕಲಿತ ರಸಾಯನಶಾಸ್ತ್ರದಲ್ಲಿ ನನ್ನ ಪಾಲಿಗೆ ಉಳಿದಿರುವುದು ಬಹಳ ಸ್ವಲ್ಪ. ಸಮೀಕರಣಗಳೆಲ್ಲ ಪರೀಕ್ಷೆಯ ಮಾರನೆಯ ದಿನವೇ ಮರೆತುಹೋದವು. ಒಂದು ಪ್ರಯೋಗ ಮಾತ್ರ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ.

ಮೇಷ್ಟರು ಗಾಜಿನ ಪಾತ್ರೆಯಲ್ಲಿ ನೀರು ಬೆರೆಸಿದ ಗಂಧಕಾಮ್ಲವನ್ನಿಟ್ಟು, ಅದರಲ್ಲಿ ಸತುವಿನ ಪಟ್ಟಿಯೊಂದನ್ನೂ ತಾಮ್ರದ ಪಟ್ಟಿಯೊಂದನ್ನೂ ದೂರದೂರವಾಗಿ ನಿಲ್ಲಿಸಿದರು. ಸತುವಿನ ಮೈಮೇಲೆ ಸಣ್ಣ ಗುಳ್ಳೆಗಳು ಏಳುತ್ತಿದ್ದವು, ತಾಮ್ರ ಸುಮ್ಮನಿತ್ತು. ಅನಂತರ ಎರಡನ್ನೂ ಒಂದು ತಂತಿಯಿಂದ ಸೇರಿಸಿದರು. ಕೂಡಲೇ ತಾಮ್ರದ ಮೈತುಂಬ ಗುಳ್ಳೆಗಳು ಮುತ್ತಿನಂತೆ ಪುಟಿದೆದ್ದವು. "ಕರಗುತ್ತಿರುವುದು ಯಾವುದು?" ಎಂದು ಮೇಷ್ಟರು ಕೇಳಿದರು. "ತಾಮ್ರ!" ಎಂದು ತರಗತಿಗೆ ತರಗತಿಯೇ ಕೂಗಿತು. ಅವರು ಮೀಸೆಯಲ್ಲೇ ನಕ್ಕು, ಸ್ವಲ್ಪ ಹೊತ್ತಿನ ಮೇಲೆ ಎರಡು ಪಟ್ಟಿಗಳನ್ನೂ ತೆಗೆದು, ಒರಸಿ, ತೂಗಿ ತೋರಿಸಿದರು. ತಾಮ್ರದ ತೂಕ ಇದ್ದಷ್ಟೇ ಇತ್ತು. ಸವೆದದ್ದು ಸತುವು.

ಆದದ್ದಿಷ್ಟೆ: ಸತುವು ತನ್ನ ಎಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟು ಆಮ್ಲದಲ್ಲಿ ಕರಗಿತು. ಆ ಎಲೆಕ್ಟ್ರಾನುಗಳು ತಂತಿಯ ದಾರಿ ಹಿಡಿದು ತಾಮ್ರವನ್ನು ಸೇರಿದವು. ಅಲ್ಲಿ ಆಮ್ಲದ ಜಲಜನಕ ಅವನ್ನು ಪಡೆದು ಅನಿಲವಾಗಿ ಮೇಲೆದ್ದಿತು. ಕರಗಿದ್ದು ಒಂದು ಕಡೆ, ಕಣ್ಣಿಗೆ ಬಿದ್ದ ಸಂಭ್ರಮ ಇನ್ನೊಂದು ಕಡೆ.

ಇದೇ ಸತುವು ನಮ್ಮ ಬಚ್ಚಲುಮನೆಯ ಬಕೀಟಿಗೂ ರಕ್ಷಕ. ಕಬ್ಬಿಣಕ್ಕೆ ತವರದ ಲೇಪ ಕೊಟ್ಟರೂ ತುಕ್ಕು ಹಿಡಿಯದು; ಆದರೆ ತವರ ಎಲ್ಲಾದರೂ ಗೀಚಿಹೋದರೆ ಕಬ್ಬಿಣವೇ ತವರದ ಪರವಾಗಿ ಸವೆಯತೊಡಗುತ್ತದೆ. ಸತುವಿನ ರೀತಿ ಬೇರೆ. ಲೇಪ ಗೀಚಿಹೋಗಿ ಕಬ್ಬಿಣ ಬಯಲಾದರೂ, ಸುತ್ತಲಿನ ಸತುವು ತಾನು ಮುಂದಾಗಿ ಕರಗಿ ಅದನ್ನು ಕಾಯುತ್ತದೆ. ಹಡಗುಗಳ ಉಕ್ಕಿನ ಮೈಗೆ ಇದೇ ಕಾರಣಕ್ಕೆ ಸತುವಿನ ಗಟ್ಟಿಗಳನ್ನು ಬಿಗಿಯುತ್ತಾರೆ. ಅವಕ್ಕೆ ವಿಜ್ಞಾನಿಗಳು ಕೊಟ್ಟ ಹೆಸರನ್ನು ಕನ್ನಡಿಸಿದರೆ 'ತ್ಯಾಗದ ಧ್ರುವ' ಎಂದಾಗುತ್ತದೆ.

ಈ 'ತ್ಯಾಗ'ವೆಂಬ ಮಾತಿನ ಹತ್ತಿರ ಬಂದಾಗಲೆಲ್ಲ ನನಗೆ ನಮ್ಮ ಸೋದರತ್ತೆಯ ನೆನಪು. ಹತ್ತೊಂಬತ್ತನೆಯ ವಯಸ್ಸಿಗೆ ಗಂಡನನ್ನು ಕಳೆದುಕೊಂಡು ಅಣ್ಣನ ಮನೆಗೆ ಹಿಂದಿರುಗಿದವಳು, ನಲವತ್ತು ವರ್ಷ ಆ ಮನೆಯ ಒಲೆಯನ್ನು ಆರಲು ಬಿಡಲಿಲ್ಲ. ನಾವು ನಾಲ್ವರು ಮಕ್ಕಳೂ ಪದವೀಧರರಾದೆವು. ಗೌನು ತೊಟ್ಟ ನಮ್ಮ ಭಾವಚಿತ್ರಗಳು ನಡುಮನೆಯ ಗೋಡೆಯ ತುಂಬ ನೇತಾಡಿದವು. ಗುಳ್ಳೆಗಳೇನೋ ಸೊಗಸಾಗಿಯೇ ಎದ್ದವು! ಅವಳು ತೀರಿಕೊಂಡಾಗ ಬಂದವರೆಲ್ಲ "ತ್ಯಾಗಮಯಿ" ಎಂದರು. ನಾನೂ ಅಂದೆ.

ಆದರೆ ನನಗೆ ಗೊತ್ತಿದ್ದ ಒಂದು ಸಂಗತಿ ಅವರಿಗೆ ಗೊತ್ತಿರಲಿಲ್ಲ. ಒಂದು ಸಂಜೆ ಅತ್ತೆ ಸೆರಗಿನಲ್ಲಿ ಕೈ ಒರಸಿಕೊಳ್ಳುತ್ತ ನನ್ನ ಬಳಿ ಬಂದು, ಹಿಂದಿ ಪರೀಕ್ಷೆಗೆ ಕಟ್ಟಬೇಕೆಂದಿದ್ದೇನೆ, ಅರ್ಜಿ ತುಂಬಿಕೊಡುತ್ತೀಯಾ ಎಂದು ಕೇಳಿದ್ದಳು. "ನಿನಗೇಕತ್ತೆ ಈ ವಯಸ್ಸಿನಲ್ಲಿ?" ಎಂದು ನಾನು ನಕ್ಕೆ. ಅವಳೂ ನಕ್ಕು ಒಳಗೆ ಹೋದಳು. ಮತ್ತೆ ಆ ಮಾತೆತ್ತಲಿಲ್ಲ.

ಸತುವಿಗೆ ಕರಗುವುದು ಅದರ ಸ್ವಭಾವ. ತಂತಿ ಬಿಗಿದವರು ನಾವು. ಒಪ್ಪಿಗೆ ಕೇಳದೆ ಪಡೆದದ್ದನ್ನು ತ್ಯಾಗವೆನ್ನಬಹುದೆ? ಲೋಹದ ವಿಷಯದಲ್ಲಿ ಈ ಪ್ರಶ್ನೆ ಹಾಸ್ಯಾಸ್ಪದ. ಮನುಷ್ಯರ ವಿಷಯದಲ್ಲಿ ಅಲ್ಲ.

ರಕ್ಷಿಸಲ್ಪಟ್ಟವನಿಗಾದರೂ ಇದರಿಂದ ಒಳಿತಾಗುವುದೇ ಎಂದು ಕೇಳಿದರೆ, ಅದಕ್ಕೂ ಒಂದು ಕಥೆಯಿದೆ. ಹಂಫ್ರಿ ಡೇವಿ ಇಂಗ್ಲೆಂಡಿನ ಹೆಸರಾಂತ ವಿಜ್ಞಾನಿ. 1807ರಲ್ಲಿ ವಿದ್ಯುತ್ತಿನ ಬಲದಿಂದ ಪೊಟ್ಯಾಸಿಯಂ, ಸೋಡಿಯಂ ಲೋಹಗಳನ್ನು ಮೊದಲು ಬೇರ್ಪಡಿಸಿದವನು. ಆ ಕಾಲದ ಮರದ ಹಡಗುಗಳ ತಳಕ್ಕೆ ತಾಮ್ರದ ತಗಡು ಹೊದಿಸುತ್ತಿದ್ದರು. ಉಪ್ಪುನೀರಿಗೆ ಅದು ಸವೆಯುತ್ತಿತ್ತು. ಬಟಾಣಿಕಾಳಿನಷ್ಟು ಸತುವು ತಗುಲಿಕೊಂಡಿದ್ದರೆ 40-50 ಚದರ ಅಂಗುಲ ತಾಮ್ರ ಸವೆಯದೆ ಉಳಿಯುತ್ತದೆಂದು ಡೇವಿ 1824ರಲ್ಲಿ ತೋರಿಸಿಕೊಟ್ಟ. ಬ್ರಿಟಿಷ್ ನೌಕಾದಳದ ಹಡಗುಗಳಿಗೆ ಈ ರಕ್ಷಕಗಳನ್ನು ಜೋಡಿಸಿದರು. ತಾಮ್ರವೇನೋ ಉಳಿಯಿತು. ಆದರೆ ಅದರ ಮೇಲೆ ಕಡಲ ಪಾಚಿಯೂ ಚಿಪ್ಪುಹುಳುಗಳೂ ದಟ್ಟವಾಗಿ ಬೆಳೆದು ಹಡಗಿನ ವೇಗವೇ ಕುಗ್ಗಿಹೋಯಿತು. ತಾಮ್ರ ಇಷ್ಟಿಷ್ಟೇ ಕರಗುತ್ತಿದ್ದದ್ದೇ ಆ ಜೀವಿಗಳಿಗೆ ವಿಷವಾಗಿತ್ತು. ಸವೆತ ನಿಂತಿತು, ಅದರ ಗುಣವೂ ನಿಂತಿತು. 1825ರಲ್ಲಿ, ಸಂಚಾರದಲ್ಲಿರುವ ಹಡಗುಗಳಿಗೆ ರಕ್ಷಕಗಳನ್ನು ಹಾಕುವುದನ್ನು ನಿಲ್ಲಿಸಬೇಕಾಯಿತು.

ನಮ್ಮ ಮನೆಯ ಗಂಡಸರನ್ನು ನೆನೆದಾಗ ನನಗೆ ಆ ಹಡಗುಗಳ ನೆನಪಾಗುತ್ತದೆ. ಅರವತ್ತು ದಾಟಿದರೂ ಕಾಫಿಪುಡಿಯ ಡಬ್ಬಿ ಯಾವ ಗೂಡಿನಲ್ಲಿದೆಯೆಂದು ನನ್ನಣ್ಣನಿಗೆ ಗೊತ್ತಿಲ್ಲ; ನನಗೂ ಗೊತ್ತಾದದ್ದು ತೀರ ಇತ್ತೀಚೆಗೆ. ನಮಗಾಗಿ ಇನ್ನೊಬ್ಬರು ಸವೆದದ್ದರಿಂದ ನಾವು ಹೊಳೆದೆವೆಂದು ತಿಳಿದಿದ್ದೆವು. ನಿಜವಾಗಿ ಪಾಚಿ ಕಟ್ಟಿಕೊಂಡೆವು.

ತ್ಯಾಗ ದೊಡ್ಡದಲ್ಲವೆಂದು ನಾನು ಹೇಳುತ್ತಿಲ್ಲ. ತಿಳಿದು, ಬಯಸಿ ತನ್ನನ್ನು ಕೊಟ್ಟುಕೊಳ್ಳುವವರು ಇದ್ದಾರೆ. ಅವರಿಂದಲೇ ಲೋಕ ನಿಂತಿದೆ. ಆದರೆ ಆ ಮಾತನ್ನು ಆಡುವ ಹಕ್ಕು ಕೊಟ್ಟವರದು, ಪಡೆದವರದಲ್ಲ. ಪಡೆದವರು "ತ್ಯಾಗ" ಎಂದೊಡನೆ ಲೆಕ್ಕ ಚುಕ್ತಾ ಆಗಿಬಿಡುತ್ತದೆ, ಹೂಮಾಲೆಯೊಂದು ರಸೀದಿಯಾಗುತ್ತದೆ. ಪಡೆದವರ ಬಾಯಿಗೆ ಒಪ್ಪುವ ಮಾತು ಬೇರೊಂದಿದೆ. ಅದು ಋಣ.

ಅತ್ತೆಯ ಕಾಲದ ಬಕೀಟು ಇನ್ನೂ ನಮ್ಮ ಹಿತ್ತಿಲಿನಲ್ಲಿದೆ. ಮೈತುಂಬ ಗೀರುಗಳು, ಅವುಗಳ ಅಂಚಿನಲ್ಲಿ ಬಿಳಿಯ ಪುಡಿ. ಕಬ್ಬಿಣ ಇನ್ನೂ ಗಟ್ಟಿಯಾಗಿದೆ. ಮೊನ್ನೆ ನಮ್ಮ ಮನೆಯ ಕೆಲಸದಾಕೆ ಅದನ್ನು ಕೆಳಗಿಟ್ಟು, ತನ್ನ ಮಗಳ ಶಾಲೆಯ ಅರ್ಜಿಯೊಂದನ್ನು ತುಂಬಿಕೊಡುವಿರಾ ಎಂದು ಸಂಕೋಚದಿಂದ ಕೇಳಿದಳು. ಈ ಸಲ ನಾನು ನಗಲಿಲ್ಲ. ಕನ್ನಡಕ ಹುಡುಕಿಕೊಂಡು ಬಂದು ಕುಳಿತೆ.