ವಿಭೂತಿ ಹಣೆಗೆ, ಅನ್ನ ಹೊಟ್ಟೆಗೆ



ಈ ಪುಟದಲ್ಲಿ ಅಷ್ಟಾವರಣಗಳ ಬಗ್ಗೆಯೋ ಶರಣರ ಚರಿತ್ರೆಯ ಬಗ್ಗೆಯೋ ನಾಲ್ಕು ಮಾತು ಬರೆಯುವುದು ವಾಡಿಕೆ. ಈ ಸಲ ವಿಭೂತಿಯ ವಿಷಯ ಬರೆಯಬೇಕೆಂದು ಪೂಜ್ಯರ ಅಪ್ಪಣೆಯಾಗಿದೆ. ಆದರೆ ವಿಭೂತಿಯನ್ನು ಧರಿಸುವ ವಿಷಯವಲ್ಲ, ತಿನ್ನುವ ವಿಷಯ. ಓದಿ ನಗಬೇಡಿರಿ. ನಗುವ ಮಾತಾಗಿದ್ದರೆ ಪೂಜ್ಯರು ನನಗೆ ಬರೆಯಲು ಹೇಳುತ್ತಿರಲಿಲ್ಲ.

ಮಠದ ಲೆಕ್ಕಪತ್ರ ನೋಡಿಕೊಳ್ಳುವ ಸೇವೆ ನನ್ನದು. ಎಣ್ಣೆ, ಕರ್ಪೂರ, ಬೇಳೆ, ಬೆಲ್ಲ, ವಿಭೂತಿ ಗಟ್ಟಿ ಎಲ್ಲಕ್ಕೂ ಒಂದೊಂದು ಪುಟ ಉಂಟು. ಒಂದು ವರ್ಷ ಶ್ರಾವಣ ಮುಗಿದ ಮೇಲೆ ನೋಡಿದರೆ ವಿಭೂತಿಯ ಪುಟದಲ್ಲಿ ಲೆಕ್ಕ ಕೂಡಲಿಲ್ಲ. ವಾರಕ್ಕೆ ಎರಡು ಮೂರು ಗಟ್ಟಿ ಕಡಿಮೆ ಬೀಳುತ್ತಿತ್ತು. ಪೂಜೆಗೆ ನೀರು ತರುವ ಹುಡುಗ ಒಯ್ದು ಮಾರುತ್ತಿದ್ದಾನೆಂದು ತಿಳಿದು ಅವನನ್ನು ನಾಲ್ಕು ಜನರ ಮುಂದೆ ಗದರಿಸಿದೆ. ಹುಡುಗ ಅತ್ತ. ಆದರೂ ಗಟ್ಟಿ ಕಡಿಮೆಯಾಗುವುದು ನಿಲ್ಲಲಿಲ್ಲ. ಒಂದು ಮಧ್ಯಾಹ್ನ ಉಗ್ರಾಣದ ಬಾಗಿಲು ತೆರೆದಾಗ, ದಾಸೋಹದ ಪಾತ್ರೆ ತೊಳೆಯಲು ಬರುತ್ತಿದ್ದ ಹತ್ತಿರದ ಹಳ್ಳಿಯ ಒಬ್ಬ ಸೊಸೆ, ಐದು ತಿಂಗಳ ಗರ್ಭಿಣಿ, ಮೂಲೆಯಲ್ಲಿ ಕುಳಿತು ವಿಭೂತಿ ಗಟ್ಟಿಯನ್ನು ಕಲ್ಲುಸಕ್ಕರೆ ಕಡಿದಂತೆ ಕಡಿಯುತ್ತಿದ್ದಳು. ತುಟಿಯೆಲ್ಲ ಬೆಳ್ಳಗೆ. ನನ್ನನ್ನು ಕಂಡು ಅವಳ ಕೈ ನಡುಗಿತು.

ಪೂಜ್ಯರ ಮುಂದೆ ಸುದ್ದಿ ಹೋಯಿತು. ಅತ್ತೆಯೂ ಬಂದಳು. ಅತ್ತೆಗೆ ಬೇಸರವಿರಲಿಲ್ಲ, ಹೆಮ್ಮೆಯಿತ್ತು. "ಹೊಟ್ಟ್ಯಾಗಿನ ಕೂಸು ವಿಭೂತಿ ಬೇಡ್ತೈತ್ರಿ ಅಜ್ಜಾರೆ, ಶರಣ ಹುಟ್ಟತಾನ" ಎಂದಳು. ನೆರೆದವರಲ್ಲಿ ಒಬ್ಬಿಬ್ಬರು ಕೈಮುಗಿದದ್ದೂ ಉಂಟು. ಪೂಜ್ಯರು ಆ ಮಾತಿಗೆ ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಸೊಸೆಯನ್ನು ಕೇಳಿದರು: "ಹೆದರಬ್ಯಾಡವ್ವಾ. ದಿನಾ ಎಷ್ಟೊತ್ತಿಗೆ ಉಣ್ತಿ?"

"ಎಲ್ಲಾರದೂ ಆದ ಮ್ಯಾಲೆ, ಅಜ್ಜಾರೆ."

"ಆವಾಗ ಏನು ಉಳಿದಿರ್ತೈತಿ?"

ಅವಳು ತಲೆ ತಗ್ಗಿಸಿದಳು. ಅತ್ತೆಯೂ ಮಾತಾಡಲಿಲ್ಲ. ಪೂಜ್ಯರು ನನ್ನ ಕಡೆ ತಿರುಗಿ, "ನಾಳೆ ಈ ತಾಯಿಯ ರಕ್ತ ಪರೀಕ್ಷೆ ಮಾಡಿಸಿಕೊಂಡು ಬಾ" ಎಂದರು. ಮಾಡಿಸಿದೆವು. ಗರ್ಭಿಣಿಗೆ ಹಿಮೋಗ್ಲೋಬಿನ್ 11 ಗ್ರಾಮಿಗಿಂತ ಕಡಿಮೆಯಿದ್ದರೆ ರಕ್ತಹೀನತೆ, 7ಕ್ಕಿಂತ ಕಡಿಮೆಯಾದರೆ ಅಪಾಯ. ಆ ಹೆಣ್ಣುಮಗಳಿಗೆ 7 ಕೂಡ ಇರಲಿಲ್ಲ. ಚೊಚ್ಚಲ ಕೂಸು ಎರಡು ಕಿಲೋ ಕೂಡ ತೂಗದೆ ಹುಟ್ಟಿ ವಾರದೊಳಗೆ ತೀರಿಕೊಂಡಿತ್ತೆಂಬುದು ಆಗ ಹೊರಗೆ ಬಂತು. ಎರಡನೆಯದಕ್ಕೂ ಅದೇ ದಾರಿಯಾಗುವುದರಲ್ಲಿತ್ತು, ನಾವು ಶರಣ ಹುಟ್ಟುತ್ತಾನೆಂದು ಕೈಮುಗಿಯುತ್ತ ನಿಂತಿದ್ದೆವು.

ಭಕ್ತರೇ, ಆಮೇಲೆ ನಾನು ಊರೂರಿಗೆ ಹೋದಾಗ ಈ ವಿಷಯ ಕೇಳುತ್ತ ಬಂದೆ. ಆದೋನಿ, ಆಲೂರು, ಕೋಸಿಗಿ, ಹೊಳಗುಂದಿ ಕಡೆ ಯಾವ ಊರಲ್ಲಿ ಕೇಳಿದರೂ ಹೆಂಗಸರು ಮೊದಲು ನಗುತ್ತಾರೆ, ಆಮೇಲೆ ಒಬ್ಬೊಬ್ಬರಾಗಿ ಹೇಳುತ್ತಾರೆ. ಒಬ್ಬಳು ಬಳಪ ತಿನ್ನುತ್ತಾಳೆ. ಒಬ್ಬಳು ಕೆಮ್ಮಣ್ಣು ಸಾರಿಸಿದ ಗೋಡೆಯನ್ನು ಉಗುರಿನಿಂದ ಕೆರೆದು ತಿನ್ನುತ್ತಾಳೆ. ಇನ್ನೊಬ್ಬಳಿಗೆ ಒಲೆಯ ಇದ್ದಿಲು, ಮತ್ತೊಬ್ಬಳಿಗೆ ಸೇರುಗಟ್ಟಲೆ ಹಸಿ ಅಕ್ಕಿ. "ಮೊದಲ ಮಳಿ ಬಿದ್ದು ಎರಿಮಣ್ಣಿನ ವಾಸ್ನಿ ಬಂತಂದ್ರ ಬಾಯಾಗ ನೀರು ತುಂಬ್ತಾವ್ರಿ" ಎಂದ ತಾಯಿಯ ಮುಖದಲ್ಲಿ ಹೋಳಿಗೆ ನೆನೆದವರ ಕಳೆಯಿತ್ತು. ಮಕ್ಕಳಂತೂ ಶಾಲೆಯ ಬಳಪವನ್ನು ಬರೆಯುವುದಕ್ಕಿಂತ ತಿನ್ನುವುದಕ್ಕೇ ಹೆಚ್ಚು ಖರ್ಚು ಮಾಡುತ್ತವೆ. ಈಗ ಮೊಬೈಲಿನಲ್ಲಿ ಬಳಪ ಕಟಕಟ ಕಡಿಯುವ ವಿಡಿಯೋಗಳೂ ಬರುತ್ತವೆ, ತಿನ್ನುವುದಕ್ಕೆಂದೇ ಬಳಪ ಮಾರುವವರೂ ಹುಟ್ಟಿಕೊಂಡಿದ್ದಾರೆ. ವ್ಯಾಪಾರಿ ಬಂಧುಗಳು ಕೋಪ ಮಾಡಬಾರದು, ಗಿರಾಕಿ ಕೇಳಿದ್ದೆಲ್ಲ ಕೊಡುವುದು ಕಾಯಕವಲ್ಲ.

ಇದು ಹೊಸ ರೋಗವಲ್ಲ. ಚರಕಸಂಹಿತೆಯಲ್ಲಿ ಪಾಂಡುರೋಗವನ್ನು 5 ಬಗೆಯಾಗಿ ಹೇಳಿದೆ. ಅದರಲ್ಲಿ ಒಂದು ಮಣ್ಣು ತಿನ್ನುವುದರಿಂದ ಬರುವಂಥದು. ಪಾಂಡು ಎಂದರೆ ಬಿಳಿಚಿಕೊಳ್ಳುವುದು, ಇಂದಿನ ರಕ್ತಹೀನತೆಗೆ ಬಲು ಹತ್ತಿರ. ಕಾಳಿದಾಸನ ರಘುವಂಶದಲ್ಲಿ ಗರ್ಭಿಣಿಯಾದ ಸುದಕ್ಷಿಣೆಯ ಬಾಯಿಗೆ ಮಣ್ಣಿನ ವಾಸನೆ. ಕೃಷ್ಣ ಮಣ್ಣು ತಿಂದ ಕಥೆ ಅಜ್ಜಿಯರೆಲ್ಲ ಹೇಳುತ್ತಾರೆ. ಕಥೆ ಕಥೆಯಾಗಿರಲಿ. ಮನೆಯ ಕೂಸು ಮಣ್ಣು ತಿಂದರೆ ಬಾಯಲ್ಲಿ ಬ್ರಹ್ಮಾಂಡ ಕಾಣುವುದಿಲ್ಲ, ಹೊಟ್ಟೆಯಲ್ಲಿ ಜಂತುಹುಳ ಕಾಣುತ್ತವೆ.

ಇಂಗ್ಲಿಷ್ ವೈದ್ಯರು ಈ ಬಯಕೆಯನ್ನು ಪೈಕಾ ಎನ್ನುತ್ತಾರೆ. ಸಿಕ್ಕಿದ್ದಕ್ಕೆಲ್ಲ ಬಾಯಿ ಹಾಕುವ ಒಂದು ಹಕ್ಕಿಯ ಲ್ಯಾಟಿನ್ ಹೆಸರಂತೆ ಅದು. ನಮ್ಮ ರಕ್ತ ಕೆಂಪಾಗಿರುವುದು ಅದರಲ್ಲಿನ ಕಬ್ಬಿಣದ ಅಂಶದಿಂದ. ಆ ಅಂಶ ತೀರ ಕಡಿಮೆಯಾದಾಗ ಅನೇಕರಿಗೆ ಮಣ್ಣು, ಬಳಪ, ಬೂದಿ, ಹಸಿ ಅಕ್ಕಿ, ಮಂಜುಗಡ್ಡೆ ಇಂಥವುಗಳ ಮೇಲೆ ತಡೆಯಲಾರದ ಆಸೆ ಹುಟ್ಟುತ್ತದೆ. ಅನ್ನದ ಹಸಿವಿನಂತಲ್ಲ, ಗುಟ್ಕಾ ಚಟದವರಿಗೆ ಪೊಟ್ಟಣ ಸಿಗದಿದ್ದಾಗ ಆಗುವ ತಳಮಳದಂತೆ. ಆದರೆ ಗುಟ್ಕಾಕ್ಕೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸವುಂಟು. ಗುಟ್ಕಾ ಬಿಡಿಸಲು ವರ್ಷಗಳು ಬೇಕು. ರಕ್ತದಲ್ಲಿ ಕಬ್ಬಿಣ ಸೇರತೊಡಗಿತೆಂದರೆ ಮಣ್ಣಿನ ಆಸೆ ಅನೇಕರಲ್ಲಿ ಕೆಲವೇ ದಿನ, ವಾರಗಳಲ್ಲಿ ತಾನಾಗಿ ಇಳಿದುಹೋಗುತ್ತದೆ. ಬೈಯುವುದೂ ಬೇಡ, ಕೈಗೆ ಬರೆ ಹಾಕುವುದೂ ಬೇಡ. ನಮ್ಮ ಕಡೆ ಮಕ್ಕಳಿಗೆ ಬರೆ ಹಾಕಿದ್ದನ್ನು ನಾನೇ ಕಂಡಿದ್ದೇನೆ. ತಪ್ಪು ಮಾಡಿದವರಿಗೆ "ಏನು ಮಣ್ಣು ತಿಂದಿ?" ಎಂದು ಬೈಯುವ ನಮ್ಮ ಮಾತಿನಲ್ಲೇ ಈ ರೋಗಿಗಳಿಗೆ ಅವಮಾನ ಕಟ್ಟಿಟ್ಟದ್ದಾಗಿದೆ. ಅದಕ್ಕೇ ಅವರು ಉಗ್ರಾಣದ ಕತ್ತಲಲ್ಲಿ ಕೂತು ತಿನ್ನುತ್ತಾರೆ.

ಬಿಹಾರದ ಬಕ್ಸರಿನಲ್ಲಿ ಹುಟ್ಟಿದ ಡಾ. ಆನಂದ ಪ್ರಸಾದ್ ಎಂಬ ವೈದ್ಯರು 1958ರಲ್ಲಿ ಇರಾನಿನ ಶಿರಾಜ್ ಪಟ್ಟಣದ ಆಸ್ಪತ್ರೆಯಲ್ಲಿ ಒಬ್ಬ ರೋಗಿಯನ್ನು ಕಂಡರು. ವಯಸ್ಸು 21, ನೋಡಲು 10 ವರ್ಷದ ಬಾಲಕ. ಊಟ ಬರೀ ಗೋಧಿ ರೊಟ್ಟಿ, ಮೇಲೆ ದಿನಕ್ಕೆ ಸುಮಾರು ಅರ್ಧ ಕಿಲೋ ಮಣ್ಣು! ಅಂಥವರ ಚಿಕಿತ್ಸೆಯಿಂದ ಹೊರಟ ಶೋಧದಲ್ಲಿ, ಕಬ್ಬಿಣದ ಜೊತೆಗೆ ಸತುವಿನ ಕೊರತೆಯೂ ಮನುಷ್ಯನ ಬೆಳವಣಿಗೆಯನ್ನು ತಡೆಯುತ್ತದೆಂದು ಜಗತ್ತಿಗೆ ತಿಳಿಯಿತು. ಕೆಲವು ಜಾತಿಯ ಮಣ್ಣು ಹೊಟ್ಟೆಯಲ್ಲಿರುವ ಅಲ್ಪ ಕಬ್ಬಿಣವನ್ನೂ ಹಿಡಿದಿಟ್ಟು ರಕ್ತಕ್ಕೆ ಸೇರಗೊಡುವುದಿಲ್ಲ. ಬಳಪ, ಸುಣ್ಣಗಳಲ್ಲಿರುವ ಕ್ಯಾಲ್ಸಿಯಂ ಕೂಡ ಹಾಗೆಯೇ. ಅಂದರೆ ಬಡ್ಡಿ ಕಟ್ಟಲು ಮತ್ತೊಂದು ಸಾಲ ಮಾಡಿದಂತೆ: ಕೊರತೆಯಿಂದ ಆಸೆ, ಆಸೆಯಿಂದ ಇನ್ನಷ್ಟು ಕೊರತೆ.

ವಿಭೂತಿಯ ಮಾತಿಗೆ ಬರೋಣ. ಶುದ್ಧ ವಿಭೂತಿ ಗೋಮಯದ ಬೂದಿ. ಪೇಟೆಯ ಕೆಲವು ಗಟ್ಟಿಗಳಲ್ಲಿ ಸೀಮೆಸುಣ್ಣವೋ ಬಿಳಿಮಣ್ಣೋ ಬೆರೆತಿರುವುದುಂಟು. ಪೂಜೆಯ ನಂತರ ಚಿಟಿಕೆಯಷ್ಟು ನಾಲಿಗೆಗೆ ಹಚ್ಚಿಕೊಳ್ಳುವ ಹಿರಿಯರಿದ್ದಾರೆ, ಅದು ಅವರ ಭಾವ. ಗಟ್ಟಿಗಟ್ಟಲೆ ತಿನ್ನುವುದು ಭಾವವಲ್ಲ. ಅಷ್ಟಾವರಣದಲ್ಲಿ ವಿಭೂತಿಯ ಸ್ಥಾನ ಬೇರೆ, ಪ್ರಸಾದದ ಸ್ಥಾನ ಬೇರೆ. ಪ್ರಸಾದವಾಗುವುದು ಲಿಂಗಕ್ಕೆ ಅರ್ಪಿಸಿದ ಅನ್ನ. ಆ ಅನ್ನ ಸಿಗದ ಹೊಟ್ಟೆ ವಿಭೂತಿಗೆ ಕೈಚಾಚಿದರೆ ಅದರಲ್ಲಿ ಶಿವಭಕ್ತಿ ಹುಡುಕುವುದು ನಮ್ಮ ಅನುಕೂಲದ ಭಕ್ತಿ. ಖರ್ಚಿಲ್ಲದ ಭಕ್ತಿ ಎಂದರೂ ಸರಿಯೇ.

ನಾವು ಗರ್ಭಿಣಿಗೆ ಎಂಟನೆಯ ತಿಂಗಳಲ್ಲಿ ಗರ್ಭಸ್ಥ ಶಿಶುವಿಗೆ ಲಿಂಗಧಾರಣೆ ಮಾಡಿಸುವ ಜನ. ಹುಟ್ಟುವ ಮುನ್ನವೇ ಆ ಕೂಸು ಲಿಂಗವಂತ. ಹಾಗಿದ್ದ ಮೇಲೆ ಆ ತಾಯಿಯ ಹೊಟ್ಟೆ ಗರ್ಭಗುಡಿಯಾಯಿತಲ್ಲವೇ? ಗುಡಿಯ ದೀಪಕ್ಕೆ ಎಣ್ಣೆ ತೀರಿದರೆ ಓಡಾಡುತ್ತೇವೆ. ಕುಬಸದ ದಿನ ಹಸಿರು ಸೀರೆ, ಐದು ಬಗೆಯ ಅನ್ನ, ಊರೆಲ್ಲ ಊಟ. ಮರುದಿನದಿಂದ ಅದೇ ಸೊಸೆ ಮಾವ, ಗಂಡ, ಮೈದುನ, ಮಕ್ಕಳು, ಆಳುಗಳು ಎಲ್ಲರೂ ಉಂಡೆದ್ದ ಮೇಲೆ ತಳಕ್ಕೆ ಹತ್ತಿದ ಅನ್ನ, ತಿಳಿಸಾರು ಉಣ್ಣಬೇಕು. ಲಿಂಗ ಗಂಡಿಗೂ ಹೆಣ್ಣಿಗೂ ಒಂದೇ ಎಂದು ಹನ್ನೆರಡನೆಯ ಶತಮಾನದಲ್ಲೇ ಹೇಳಿದ ಶರಣರ ಮಕ್ಕಳು ನಾವು, ಪಲ್ಯದ ಬೋಗುಣಿಯ ಮುಂದೆ ಮಾತ್ರ ಇನ್ನೂ ಒಪ್ಪಿಕೊಂಡಿಲ್ಲ. ನಾನೂ ಇದರಲ್ಲಿ ಹೊರತಲ್ಲ. ಆ ದಿನ ಮನೆಗೆ ಹೋಗಿ ನನ್ನ ಹೆಂಡತಿಯನ್ನು ಪೂಜ್ಯರು ಕೇಳಿದ ಪ್ರಶ್ನೆಯನ್ನೇ ಕೇಳಿದೆ. ಬಂದ ಉತ್ತರವೂ ಅದೇ. ಇಪ್ಪತ್ತು ವರ್ಷದ ಸಂಸಾರದಲ್ಲಿ ಒಂದು ದಿನವೂ ಕೇಳಿರಲಿಲ್ಲ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಆಂಧ್ರಪ್ರದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 58ಕ್ಕೂ ಹೆಚ್ಚು ಜನರಿಗೆ ರಕ್ತಹೀನತೆಯಿದೆ. ಇವರೆಲ್ಲ ಮಣ್ಣು ತಿನ್ನುವವರಲ್ಲ. ಆದರೆ ಮಣ್ಣು ತಿನ್ನುವವರು ಹೆಚ್ಚಾಗಿ ಇವರ ನಡುವೆಯೇ ಸಿಗುತ್ತಾರೆ. ಉಳ್ಳವರ ಮನೆಗೆ ಇದು ಬಾರದೆಂದು ತಿಳಿಯಬಾರದು. ಆದೋನಿ ಮಾರ್ಕೆಟ್ಟಿನಲ್ಲಿ ಹತ್ತಿ, ಶೇಂಗಾ ವ್ಯಾಪಾರ ಮಾಡುವ ಮನೆಯ ಸೊಸೆಯರೂ ನನ್ನ ಮುಂದೆ ಬಳಪದ ಮಾತು ಹೇಳಿದ್ದಾರೆ.

ನಮ್ಮ ಹಿರಿಯರ ತಾಟಿನಲ್ಲಿ ಸಜ್ಜಿ ರೊಟ್ಟಿ, ಜೋಳದ ರೊಟ್ಟಿ, ನವಣಕ್ಕಿ ಇರುತ್ತಿದ್ದವು. 1983ರಲ್ಲಿ ಎನ್.ಟಿ. ರಾಮರಾವ್ ಅವರ ಸರ್ಕಾರ ಕಿಲೋಗೆ 2 ರೂಪಾಯಿಯ ಅಕ್ಕಿ ತಂದಿತು. ಬರಗಾಲದ ಸೀಮೆಯಲ್ಲಿ ಬಡವನ ಹೊಟ್ಟೆ ತುಂಬಿತು, ಅದನ್ನು ಮರೆಯಬಾರದು. ಆದರೆ ಹೊಲದ ಸಜ್ಜಿ ಪೇಟೆಗೆ ಹೋಗಿ ತಾಟಿಗೆ ಬಿಳಿ ಅನ್ನ ಬಂತು. 100 ಗ್ರಾಂ ಸಜ್ಜಿಯಲ್ಲಿ ಸುಮಾರು 6 ಮಿಲಿಗ್ರಾಂ ಕಬ್ಬಿಣವಿದ್ದರೆ ಜೋಳದಲ್ಲಿ ಸುಮಾರು 4, ಪಾಲಿಶ್ ಮಾಡಿದ ಅಕ್ಕಿಯಲ್ಲಿ 1 ಕೂಡ ಇಲ್ಲ. ಮಾಂಸ ಮುಟ್ಟದ ನಮಗೆ ಕಾಳು, ಸೊಪ್ಪುಗಳಿಂದ ಬರುವ ಕಬ್ಬಿಣ ಅಷ್ಟು ಬೇಗ ಮೈಗೂಡುವುದಿಲ್ಲ. ಅದಕ್ಕೆ ಊಟದೊಡನೆ ನಿಂಬೆರಸವೋ ನೆಲ್ಲಿಕಾಯಿಯೋ ಬೇಕು, ಉಂಡ ಕೂಡಲೇ ಚಹಾ ಬೇಡ. ನುಗ್ಗೆಸೊಪ್ಪು ಹಿತ್ತಲಲ್ಲೇ ಇದೆ, ಎಳ್ಳು, ಕಡಲೆ, ಹುರುಳಿ ಹೊಲದಲ್ಲೇ ಇವೆ.

ಆದರೆ ರಕ್ತ ತೀರ ಇಳಿದವರಿಗೆ ಬರೀ ರೊಟ್ಟಿ ಸಾಲದು, ಮಾತ್ರೆ ಬೇಕು. ಗರ್ಭಿಣಿಗೆ ನಾಲ್ಕನೆಯ ತಿಂಗಳಿಂದ ದಿನಕ್ಕೊಂದರಂತೆ 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ ಕಬ್ಬಿಣದ ಮಾತ್ರೆ ಸರ್ಕಾರದಿಂದ ಪುಕ್ಕಟೆ ಸಿಗುತ್ತದೆ. ರಕ್ತ ಕಡಿಮೆಯಿದ್ದರೆ ಎಷ್ಟು ಎಂಬುದನ್ನು ಡಾಕ್ಟರೇ ಹೇಳಬೇಕು. ಮಾತ್ರೆಯಿಂದ ಮಲ ಕಪ್ಪಾದರೆ ಹೆದರಿ ಗಟಾರಕ್ಕೆ ಚೆಲ್ಲುವವರನ್ನು ಕಂಡಿದ್ದೇನೆ. ಕಪ್ಪಾಗುವುದು ಸಹಜ. ಕ್ಯಾಲ್ಸಿಯಂ ಮಾತ್ರೆಯನ್ನು ಇದರ ಜೊತೆಗೇ ನುಂಗಬಾರದು, ಹೊತ್ತು ಬೇರೆ ಮಾಡಿರಿ. ಮಕ್ಕಳಿಗೆ ಶಾಲೆ, ಅಂಗನವಾಡಿಗಳಲ್ಲಿ ಕೊಡುವ ಜಂತುಹುಳದ ಮಾತ್ರೆ ತಪ್ಪಿಸಬೇಡಿರಿ. ಬರಿಗಾಲಲ್ಲಿ ಹೊಲ, ಬಯಲಿಗೆ ಹೋಗುವವರ ಕಾಲಿನಿಂದಲೇ ಕೊಕ್ಕೆಹುಳ ಒಳಸೇರಿ ಕರುಳಿನ ರಕ್ತ ಹೀರುತ್ತದೆ. ಗುಂಟೂರಿನ ಕಡೆ ಮೆಣಸಿನಕಾಯಿ, ಹತ್ತಿ ಬಿಡಿಸಲು ಗುಳೆ ಹೋಗುವ ಕುಟುಂಬಗಳು ಹೊರಡುವ ಮುಂಚೆ ಮಾತ್ರೆಯನ್ನೂ ತಾಯಿ ಕಾರ್ಡನ್ನೂ ಗಂಟಿನಲ್ಲಿ ಕಟ್ಟಿಕೊಂಡೇ ಹೋಗಬೇಕು.

ಡಾಕ್ಟರ ಮುಂದೆ ಬಾಯಿಬಿಟ್ಟು ಹೇಳುವುದೇ ಅರ್ಧ ಚಿಕಿತ್ಸೆ. 1953ರ ಅಕ್ಟೋಬರ್ 1ರಂದು ಆದೋನಿ, ಆಲೂರು ತಾಲೂಕುಗಳು ಬಳ್ಳಾರಿ ಜಿಲ್ಲೆಯಿಂದ ಆಂಧ್ರಕ್ಕೆ ಸೇರಿದಂದಿನಿಂದ ನಮ್ಮ ಹೆಂಗಸರಿಗೆ ಕಚೇರಿ, ಆಸ್ಪತ್ರೆಗಳಲ್ಲಿ ತೆಲುಗಿನ ಸಂಕೋಚ ಇದ್ದೇ ಇದೆ. ಈ ಮಾತಿಗೆ ಸಂಕೋಚ ಬೇಕಿಲ್ಲ. ನಮ್ಮ ಮಣ್ಣು ಅವರಿಗೆ ಮನ್ನು, ನಮ್ಮ ಬಳಪ ಅವರಿಗೆ ಬಲಪಂ. ಹೇಳಿದರೆ ತಿಳಿಯುತ್ತದೆ. ಕೂದಲು ಕಿತ್ತು ನುಂಗುವ ಹುಡುಗಿಯರಿದ್ದರೆ, ರಕ್ತ ಸರಿಯಾದ ಮೇಲೂ ಆಸೆ ಬಿಡದಿದ್ದರೆ, ಅದು ಮನಸ್ಸಿನ ವೈದ್ಯರಿಗೆ ತೋರಿಸುವ ವಿಷಯ. ನುಂಗಿದ ಕೂದಲು ಜಠರದಲ್ಲಿ ಉಂಡೆಗಟ್ಟಿ ಶಸ್ತ್ರಚಿಕಿತ್ಸೆಯವರೆಗೆ ಹೋಗುವುದುಂಟು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೂ ತೆಲುಗಿನಲ್ಲೂ ಮಾತಾಡಬಹುದು, ಹಣ ಬೇಕಿಲ್ಲ.

ಆ ತಾಯಿಗೆ ದೊಡ್ಡ ಆಸ್ಪತ್ರೆಯಲ್ಲಿ ಬಾಟಲಿಯ ಮೂಲಕ ಕಬ್ಬಿಣ ಕೊಟ್ಟರು. ಮೂರನೆಯ ವಾರಕ್ಕೆ ವಿಭೂತಿಯ ವಾಸನೆಗೆ ಬಾಯಿ ನೀರೂರುವುದು ನಿಂತಿತೆಂದು ಅವಳೇ ಹೇಳಿದಳು. ಹೆಣ್ಣು ಕೂಸು ಹುಟ್ಟಿತು, ಎರಡೂಮುಕ್ಕಾಲು ಕಿಲೋ. ನೀರು ತರುವ ಹುಡುಗನನ್ನು ಕರೆದು, ಮೊದಲು ಯಾರ ಮುಂದೆ ಗದರಿಸಿದ್ದೆನೋ ಅವರ ಮುಂದೆಯೇ ತಪ್ಪಾಯಿತೆಂದು ಹೇಳಿದೆ. ರಿಜಿಸ್ಟರಿನಲ್ಲಿ ಕಡಿಮೆ ಬಿದ್ದ ಗಟ್ಟಿಗಳನ್ನು ದಾಸೋಹದ ಖರ್ಚಿಗೆ ಬರೆಯಲು ಪೂಜ್ಯರು ಹೇಳಿದರು, ಹಾಗೆಯೇ ಬರೆದಿದ್ದೇನೆ.

ಅಂದಿನಿಂದ ಅಮಾವಾಸ್ಯೆಯ ದಾಸೋಹದಲ್ಲಿ ಮೊದಲ ಪಂಕ್ತಿ ಗರ್ಭಿಣಿಯರದು, ಬಾಣಂತಿಯರದು, ಸೊಸೆಯಂದಿರದು. ಬಡಿಸುವವರು ಗಂಡಸರು. ಸಜ್ಜಿ ರೊಟ್ಟಿ, ನುಗ್ಗೆಸೊಪ್ಪಿನ ಪಲ್ಯ, ಒಂದು ಹೋಳು ನಿಂಬೆ ಇರುತ್ತದೆ. ಹೊಸ ಸಜ್ಜಿ ರಾಶಿಯಾದ ರೈತ ಬಂಧುಗಳು ಚೀಲಕ್ಕೆ ಒಂದು ಸೇರಿನಂತೆ ಮಠಕ್ಕೆ ಮುಟ್ಟಿಸಿದರೆ ರಸೀದಿ ಕೊಡಲಾಗುವುದು. ಬರುವ ಅಮಾವಾಸ್ಯೆಗೆ ಒಬ್ಬೊಬ್ಬರೇ ಬರಬೇಡಿರಿ, ಮನೆಯ ಸೊಸೆಯಂದಿರನ್ನು ಕರೆದುಕೊಂಡು ಬನ್ನಿರಿ.

ಶರಣು ಶರಣಾರ್ಥಿ.

ಕಾರ್ಯದರ್ಶಿ