ತಿಪ್ಪಣ್ಣ ಎಂಬ ವಿಳಾಸ

ನನಗಿಂತ ಮೊದಲು ಅವ್ವನಿಗೆ ಎರಡು ಗಂಡು ಹುಟ್ಟಿದ್ದವು. ಎರಡೂ ವರ್ಷ ತುಂಬುವ ಮೊದಲೇ ಹೋದವು. ಮೊದಲನೆಯದಕ್ಕೆ ಅಜ್ಜನ ಹೆಸರು, ಎರಡನೆಯದಕ್ಕೆ ದೇವರ ಹೆಸರು ಇಟ್ಟಿದ್ದರಂತೆ. ಮೂರನೆಯವನಾದ ನನ್ನನ್ನು ಹುಟ್ಟಿದ ಐದನೆಯ ದಿನ ಮೊರದಲ್ಲಿ ಮಲಗಿಸಿ ಹಿತ್ತಲ ತಿಪ್ಪೆಯ ಮೇಲೆ ಇಟ್ಟು ಬಂದರು. ನೆರೆಮನೆಯ ಮುದುಕಿ, ಮೊದಲೇ ಮಾತಾಡಿಕೊಂಡಂತೆ, “ಯಾರೋ ಕೂಸ ಒಗದ ಹೋಗ್ಯಾರ ನೋಡ್ರವ್ವಾ” ಎಂದು ಕೂಗಿ ಎತ್ತಿಕೊಂಡಳು. ಅವ್ವ ಅವಳಿಗೆ ಒಂದು ಸೇರು ತೌಡು ಕೊಟ್ಟು ನನ್ನನ್ನು ಕೊಂಡಳು. ಲೆಕ್ಕಕ್ಕೆ ನಾನು ಆ ಮನೆಯಲ್ಲಿ ಹುಟ್ಟಿದವನಲ್ಲ, ತಿಪ್ಪೆಯಲ್ಲಿ ಸಿಕ್ಕು ತೌಡಿಗೆ ಬಂದವನು. ಹೆಸರನ್ನು ಬೇರೆ ಹುಡುಕಬೇಕಾಗಲಿಲ್ಲ.

ಮುಂದೆ ನಾನು ಟಪಾಲಿನವನಾದೆ. ಬ್ಯಾಡಗಿ ಸೀಮೆಯ ಹಳ್ಳಿಗಳಲ್ಲಿ 34 ವರ್ಷ ಸೈಕಲ್ಲು ತುಳಿದೆ. ಕಲ್ಲಪ್ಪ, ಗುಂಡಪ್ಪ, ಹುಚ್ಚಪ್ಪ, ಅಡಿವೆಪ್ಪ, ತಿಪ್ಪವ್ವ. ಲಕೋಟೆಯ ಮೇಲೆ ಇಂಥ ಹೆಸರು ಕಂಡಾಗ ನನಗೆ ಆ ಮನೆಯ ಹಳೆಯ ಸಾವೊಂದು ಕಂಡಂತಾಗುತ್ತಿತ್ತು. ಎಲ್ಲ ಸಲವೂ ಹಾಗಿರುತ್ತಿರಲಿಲ್ಲ, ಕಲ್ಲಪ್ಪನೆಂದರೆ ಕಲ್ಲೇಶ್ವರನೂ ಇದ್ದಾನು. ಚಿತ್ರದುರ್ಗದ ಕಡೆಯವರಂತೂ ನನ್ನ ಹೆಸರು ಕೇಳಿ ಕೈ ಮುಗಿದದ್ದುಂಟು. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಭಕ್ತರಿಗೆ ತಿಪ್ಪೆಯಲ್ಲಿ ನಗುವಂಥದ್ದೇನೂ ಇಲ್ಲ. ನಮ್ಮೂರಲ್ಲಿ ಆ ಅನುಕೂಲ ಇರಲಿಲ್ಲ. ಸಾಲಿಯಲ್ಲಿ ಹುಡುಗರು ಮೂಗು ಮುಚ್ಚಿಕೊಂಡು ನನ್ನನ್ನು ಕರೆಯುತ್ತಿದ್ದರು.

ಹತ್ತು ವರ್ಷದವನಿದ್ದಾಗ ಅವ್ವನನ್ನು ಕೇಳಿದೆ: “ಯವ್ವಾ, ಹೆಸರು ಕೆಟ್ಟದಿಟ್ರ ಯಮಗ ಗೊತ್ತಾಗಂಗಿಲ್ಲೇನು?” ರೊಟ್ಟಿ ಬಡಿಯುತ್ತಿದ್ದವಳು ತಲೆ ಎತ್ತದೆ ಹೇಳಿದಳು: “ಅವಗ ಅಷ್ಟ ತಿಳೀತಿದ್ರ ಮೊದಲಿನ ಎರಡೂ ಕೂಸು ಒಯ್ತಿದ್ನೇನು?”

ಆ ಮಾತಿಗೆ ನನ್ನಲ್ಲಿ ಇವತ್ತಿಗೂ ಉತ್ತರವಿಲ್ಲ. ಆದರೆ ಪ್ರಶ್ನೆ ಬಿಡಲಿಲ್ಲ. ಊರ ಗುಡಿಯಲ್ಲಿ ಪುರಾಣ ಹೇಳುವವರು ಅಜಾಮಿಳನ ಕಥೆಗೆ ಬಂದಾಗ ಅದು ಮತ್ತೆ ಎದ್ದಿತು. ಭಾಗವತದ ಆರನೆಯ ಸ್ಕಂಧದಲ್ಲಿ ಬರುವ ಕಥೆ. ಕನ್ಯಾಕುಬ್ಜದ ಬ್ರಾಹ್ಮಣ, ದಾರಿ ತಪ್ಪಿ ಬದುಕಿದವನು, ಸಾಯುವ ಹೊತ್ತಿಗೆ ಯಮದೂತರನ್ನು ಕಂಡು ಹೆದರಿ ತನ್ನ ಹತ್ತನೆಯ ಮಗನನ್ನು ಕೂಗುತ್ತಾನೆ. ಮಗನ ಹೆಸರು ನಾರಾಯಣ. ಕೂಗು ಮುಗಿಯುವಷ್ಟರಲ್ಲಿ ವಿಷ್ಣುದೂತರು ಬಂದು ಅವನನ್ನು ಬಿಡಿಸುತ್ತಾರೆ. ಜನ ಕಣ್ಣೊರೆಸಿಕೊಂಡರು. ನನಗೆ ನನ್ನ ಕಸುಬು ಅಡ್ಡ ಬಂತು. ಮಗನಿಗೆ ಬರೆದ ಕಾಗದವನ್ನು ದೇವರು ತನ್ನದೆಂದು ತೆಗೆದುಕೊಂಡ, ಅದೂ ತನ್ನದಲ್ಲವೆಂದು ಗೊತ್ತಿದ್ದೂ! ಒಂದೇ ಊರಲ್ಲಿ ಇಬ್ಬರು ನಾರಾಯಣರಿದ್ದು ನಾನು ಹಾಗೆ ಬಟವಾಡೆ ಮಾಡಿದ್ದರೆ ಮೇಲಿನವರು ಸುಮ್ಮನಿರುತ್ತಿದ್ದರೇ?

ಇದರಲ್ಲಿ ತಮಾಷೆಗಿಂತ ಹೆಚ್ಚಿನದೊಂದು ಇದೆ. ಅಜಾಮಿಳನ ಬಾಯಲ್ಲಿದ್ದದ್ದು ದೇವರು, ಮನಸ್ಸಿನಲ್ಲಿದ್ದದ್ದು ಮಗ. ನನ್ನ ಅವ್ವನ ಬಾಯಲ್ಲಿದ್ದದ್ದು ತಿಪ್ಪೆ, ಮನಸ್ಸಿನಲ್ಲಿದ್ದದ್ದೂ ಮಗನೇ. ದೇವರು ಶಬ್ದಕ್ಕೆ ಓಗೊಡುವವನಾದರೆ ಅಜಾಮಿಳ ಬದುಕಿದ, ನಾನೂ ಬದುಕಿದೆ. ಮನಸ್ಸನ್ನೇ ನೋಡುವವನಾದರೆ ಅಜಾಮಿಳನಿಗೆ ವಿಷ್ಣುದೂತರು ಬರಬಾರದಿತ್ತು, ಅವ್ವನ ಪ್ರೀತಿಯ ಜಾಡು ಹಿಡಿದು ಯಮ ನನ್ನ ತೊಟ್ಟಿಲಿಗೂ ಬರಬೇಕಿತ್ತು. ಶಬ್ದವೋ ಮನಸ್ಸೋ? ಪುರಾಣದವರನ್ನು ಕೇಳಿದೆ. ಭಗವಂತನ ಹೆಸರು ಬೆಂಕಿಯಿದ್ದಂತೆ, ಗೊತ್ತಿಲ್ಲದೆ ಮುಟ್ಟಿದರೂ ಸುಡುತ್ತದೆ ಎಂದರು. ಸರಿ. ಆದರೆ ತಿಪ್ಪೆ?

ನಮ್ಮ ಹೆಂಗಸರಿಗೆ ಶಬ್ದದ ಮೇಲಿದ್ದ ಭಯ ನಾನು ದಿನಾ ನೋಡಿದ್ದು. ಮನಿಯಾರ್ಡರು ತಂದು “ನಿಮ್ಮ ಮನಿಯವರ ಹೆಸರೇನ್ರಿ?” ಎಂದರೆ ಹಳೆಯ ಕಾಲದವಳು ಬಾಯಿ ಬಿಡುತ್ತಿರಲಿಲ್ಲ. ಓಣಿಯಲ್ಲಿ ಆಡುವ ಹುಡುಗನನ್ನು ಕರೆದು ಅವನ ಬಾಯಿಂದ ಹೇಳಿಸುತ್ತಿದ್ದಳು. ನನ್ನ ಅವ್ವನೂ ಅಪ್ಪನ ಹೆಸರನ್ನು ಮದುವೆ ಮುಂಜಿಗಳಲ್ಲಿ ಒಡಪಿನೊಳಗೆ ಮಾತ್ರ ಹೇಳಿದವಳು. ಹೆಸರು ಆಡಿದರೆ ಗಂಡನ ಆಯುಷ್ಯ ಸವೆಯುತ್ತದೆ ಎಂದು ನಂಬಿದವಳೇ ಮಗನಿಗೆ ಹೊಲಸು ಹೆಸರಿಟ್ಟು ಆಯುಷ್ಯ ಕೂಡಿಸಿದಳು. ಅವಳ ಮಟ್ಟಿಗೆ ಎರಡೂ ಒಂದೇ ಲೆಕ್ಕ.

ಆದರೂ ಟಪಾಲಿನವನಾಗಿ ಯಮ ಮೋಸಹೋದ ಎನ್ನುವುದನ್ನು ಒಪ್ಪಲಾರೆ. ಹತ್ತು ವರ್ಷ ಒಂದೇ ಊರು ಸುತ್ತಿದವನು ಹೆಸರು ಓದುವುದನ್ನೇ ಬಿಡುತ್ತಾನೆ. ಅಕ್ಷರ ನೋಡಿದರೆ ಸಾಕು, ಯಾರ ಮನೆಗೆಂದು ಕಾಲು ತಾನೇ ತಿರುಗುತ್ತದೆ. ಯಮ ನನಗಿಂತ ಹಳೆಯ ನೌಕರ.

ಹಾಗಾದರೆ ತೌಡು ಯಾತಕ್ಕೆ? ಬಟವಾಡೆಯ ದಾರಿಯಲ್ಲಿ ಒಬ್ಬ ಪುರೋಹಿತರ ಮನೆಯಿತ್ತು. ಹೋಮದಲ್ಲಿ ಆಹುತಿ ಹಾಕಿದಾಗಲೆಲ್ಲ ಯಜಮಾನ “ಇದು ನನ್ನದಲ್ಲ” ಎಂದು ಹೇಳಬೇಕು ಎಂದು ಅವರೇ ವಿವರಿಸಿದ್ದರು. ಒಂದು ಚಮಚ ತುಪ್ಪಕ್ಕೆ ಹಾಗೆನ್ನುವುದು ಸುಲಭ. ಎರಡು ಕೂಸು ಮಣ್ಣು ಮಾಡಿದ ಹೆಂಗಸು ಮೂರನೆಯದನ್ನು ತಿಪ್ಪೆಯಲ್ಲಿಟ್ಟು, ಇದು ನನ್ನದಲ್ಲ, ಸಿಕ್ಕಿದ್ದು ಎಂದು ಹೇಳಿ ಎದೆಗೆ ಹಾಕಿಕೊಂಡಳಲ್ಲ, ಅದಕ್ಕಿಂತ ದೊಡ್ಡ ಆಹುತಿಯನ್ನು ನಾನು ಕಂಡಿಲ್ಲ. ನನ್ನದು ಎಂದುಕೊಂಡಿದ್ದರೆ ಮೂರನೆಯ ಸಲ ಹಾಲೂಡಿಸುವ ಧೈರ್ಯ ಅವಳಿಗೆ ಬರುತ್ತಿರಲಿಲ್ಲ. ಮಮಕಾರ ಬಿಡಬೇಕೆಂದು ವೇದಾಂತದವರು ಹೇಳುತ್ತಾರೆ. ಬಿಟ್ಟ ಮೇಲೆ ಕೂಸಿನ ಕುಂಡಿ ತೊಳೆಯುವವರು ಯಾರು ಎಂಬುದನ್ನು ಅವರು ಹೇಳಿದ್ದು ನಾನು ಕೇಳಿಲ್ಲ.

ಇಷ್ಟು ಯೋಚಿಸಿ ನನ್ನ ಬುದ್ಧಿಯನ್ನು ನಾನೇ ಮೆಚ್ಚಿಕೊಂಡಿದ್ದೆ. ಕೆಡಿಸಿದವಳು ತಂಗಿ.

ನನ್ನ ನಂತರ ಅವ್ವನಿಗೆ ನಾಲ್ಕು ಹೆಣ್ಣಾದವು. ನಾಲ್ಕನೆಯವಳೇ ಸಾಕವ್ವ. ಇನ್ನು ಹೆಣ್ಣು ಸಾಕು ಎಂದು ದೇವರಿಗೆ ತಿಳಿಸಲು ಇಟ್ಟ ಹೆಸರು. 2011ರಲ್ಲಿ ಸಾತಾರಾ ಜಿಲ್ಲೆಯಲ್ಲಿ ‘ನಕೋಶಿ’, ಅಂದರೆ ಬೇಡವಾದವಳು, ಎಂಬ ಹೆಸರು ಹೊತ್ತಿದ್ದ 285 ಹುಡುಗಿಯರಿಗೆ ಸಮಾರಂಭ ಮಾಡಿ ಹೊಸ ಹೆಸರು ಕೊಟ್ಟ ಸುದ್ದಿಯನ್ನು ಅವಳಿಗೆ ಓದಿ ಹೇಳಿದೆ. ಜೊತೆಗೆ ನನ್ನ ತೌಡಿನ ವೇದಾಂತವನ್ನೂ ಹೇಳಿದೆ. ಪೂರ್ತಿ ಕೇಳಿ ಅಂದಳು: “ನಿನ್ನ ಹೆಸರು ಯಮಗ ಸುಳ್ಳು ಹೇಳಾಕ ಇಟ್ಟಿದ್ದು, ಅಣ್ಣಾ. ನಂದು ಖರೇನ ಇಟ್ಟಿದ್ದು.”

ಅವಳು ಹೇಳಿದ್ದು ನಿಜ. ತಿಪ್ಪೆಯಿಂದ ನನ್ನನ್ನು ಎತ್ತಿಕೊಳ್ಳಲು ಒಬ್ಬರು ಮೊದಲೇ ನಿಂತಿದ್ದರು. ಅವಳಿಗೆ ಯಾರೂ ನಿಂತಿರಲಿಲ್ಲ. ಎರಡೂ ಹೆಸರನ್ನು ಒಂದೇ ಬುಟ್ಟಿಗೆ ಹಾಕಿ ಜನಪದರ ಜಾಣತನ ಎಂದು ಹೊಗಳುವವರ ಮಾತು ಆಮೇಲೆ ನನಗೆ ಹಿಡಿಸಿಲ್ಲ.

ಹೆಸರು ಬದಲಾಯಿಸಿಕೊಳ್ಳುತ್ತೀಯಾ ಎಂದು ಕೇಳಿದ್ದಕ್ಕೆ ನಕ್ಕಳು. ಅವ್ವ ಕಡೆಯ ಏಳು ವರ್ಷ ಹಾಸಿಗೆ ಹಿಡಿದಾಗ ಗಂಡನ ಮನೆಯಿಂದ ಬಂದು ನೋಡಿಕೊಂಡವಳು ಇವಳು. “ಅವ್ವನ್ನ ಸಾಕಿದಾಕಿ ನಾನಲ್ಲೇನು? ಈಗ್ಯಾಕ ಬದಲಸಲಿ?”

ಬರುವ ಸೋಮವಾರ ನನ್ನ ಮೊಮ್ಮಗಳ ತೊಟ್ಟಿಲು. ಹೆಸರು ಕೂಗುವ ಹಕ್ಕು ಸೋದರತ್ತೆಯದು. ನನ್ನ ಮಗನಿಗೆ ಅಕ್ಕತಂಗಿಯರಿಲ್ಲವಾದ್ದರಿಂದ ಅದು ಸಾಕವ್ವನಿಗೇ ಬಂದಿದೆ. ಮಗ ಮೊಬೈಲಿನಲ್ಲಿ ಹುಡುಕಿ ಹನ್ನೊಂದು ಹೆಸರು ಕಳಿಸಿದ್ದಾನೆ. ಅವಳು ಓದಲು ಬರುವುದಿಲ್ಲವೆಂದು ಹೇಳಿ ಮೊಬೈಲು ಹಿಂದಕ್ಕೆ ಕೊಟ್ಟಳು. ಅವಳಿಗೆ ಓದಲು ಬರುತ್ತದೆ.