ನೆಗ್ಗಿದ ಕೊಳವೆಯ ಬೆಲೆ

ಅಡುಗೆಮನೆಯ ಕಟ್ಟೆಯ ಕೆಳಗೆ ತಲೆಯಿಟ್ಟು ಮಲಗಿ ದುಡಿಯುವ ಮನುಷ್ಯನನ್ನು ನೀವು ನೋಡಿರಬಹುದು. ನಮಗೆ ಕಾಣುವುದು ಅವನ ಎರಡು ಕಾಲುಗಳು ಮಾತ್ರ. ಅನಿಲದ ಸಿಲಿಂಡರನ್ನು ಹೊರಗಿರಿಸಿ, ಗೋಡೆಯ ಮೂಲಕ ತಾಮ್ರದ ಕೊಳವೆಯನ್ನು ತಂದು ಒಲೆಗೆ ಜೋಡಿಸುವ ಏರ್ಪಾಡು ಈಗ ನಮ್ಮ ಅನೇಕ ಮನೆಗಳಲ್ಲಿದೆ. ಆ ಕೊಳವೆ ಬರುವ ದಾರಿ ಬಲು ಇಕ್ಕಟ್ಟಾದದ್ದು. ಗೋಡೆಯ ರಂಧ್ರ, ಕಪಾಟಿನ ಹಿಂಬದಿ, ಗ್ರಾನೈಟ್ ಚಪ್ಪಡಿಯ ಅಡಿ. ಎಲ್ಲಿಯೂ ಎರಡು ಕೈಗಳು ಒಟ್ಟಿಗೆ ಆಡುವಷ್ಟು ಎಡೆಯಿಲ್ಲ.

ತಾಮ್ರ ಮೃದುವಾದ ಲೋಹವೆಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಆದರೆ ಅದು ಎಲ್ಲವನ್ನೂ ಸಹಿಸುವುದಿಲ್ಲ. ಕೊಳವೆಯನ್ನು ಬಾಗಿಸಿದಾಗ ಹೊರಮೈ ಹಿಗ್ಗಿ ತೆಳುವಾಗುತ್ತದೆ, ಒಳಮೈ ಒತ್ತಿಕೊಂಡು ಕುಗ್ಗುತ್ತದೆ. ಬಾಗು ಹಿರಿದಾಗಿದ್ದರೆ ಕೊಳವೆ ದುಂಡಾಗಿಯೇ ಉಳಿಯುವುದು. ಕಿರಿದಾದ ಜಾಗದಲ್ಲಿ ಅವಸರದಿಂದ ತಿರುಗಿಸಿದರೆ ಚಪ್ಪಟೆಯಾಗಿ ನೆಗ್ಗಿಬಿಡುವುದು. ಇದನ್ನು ತಡೆಯಲೆಂದೇ ಕೆಲಸಗಾರರು ಕೊಳವೆಗೆ ಸ್ಪ್ರಿಂಗ್ ತೊಡಿಸುತ್ತಾರೆ, ಇಲ್ಲವೇ ಸನ್ನೆಯಂತಿರುವ ಬಾಗಿಸುವ ಉಪಕರಣವನ್ನು ಬಳಸುತ್ತಾರೆ. ಕೊಳವೆಯೊಳಗೆ ಒಣಮರಳು ತುಂಬಿ ಬಾಗಿಸುವ ಹಳೆಯ ಪದ್ಧತಿಯೂ ಉಂಟು. ಇನ್ನೊಂದು ಸಂಗತಿಯೆಂದರೆ, ತಾಮ್ರವನ್ನು ಮತ್ತೆ ಮತ್ತೆ ಬಾಗಿಸಿ ನೆಟ್ಟಗೆ ಮಾಡುತ್ತಾ ಹೋದರೆ ಅದು ಗಡುಸಾಗುತ್ತದೆ; ಕೊನೆಗೆ ಬಿರುಕು ಬಿಡುತ್ತದೆ. ಆದುದರಿಂದ ನೆಗ್ಗಿದ ಕೊಳವೆಯನ್ನು ಇಕ್ಕಳದಿಂದ ಒತ್ತಿ ದುಂಡಗೆ ಮಾಡಿದರೆ ಕಣ್ಣಿಗೆ ಸರಿಯಾಗಿ ಕಾಣುತ್ತದೆಯೇ ಹೊರತು ಲೋಹದ ದೌರ್ಬಲ್ಯ ಅಲ್ಲಿಯೇ ಉಳಿದಿರುತ್ತದೆ.

ನಮ್ಮ ಮನೆಯಲ್ಲಿ ಈ ಕೆಲಸ ನಡೆದ ದಿನ ನಡುವಯಸ್ಸು ದಾಟಿದ ಮೇಸ್ತ್ರಿಯೊಬ್ಬರು ಬಂದಿದ್ದರು. ಆರಂಭದಲ್ಲಿಯೇ ಅವರು, "ಸಾರ್, ಈ ಕಪಾಟಿನ ಒಂದು ಹಲಗೆ ಬಿಚ್ಚಿದರೆ ಕೈಯಾಡಿಸಲು ಜಾಗವಾಗುತ್ತದೆ" ಎಂದರು. ಹಲಗೆ ಹೊಸದು, ಮಾರನೆಯ ದಿನ ಗುರುಗಳು ಮನೆಯನ್ನು ಆಶೀರ್ವದಿಸಲು ಬರುವವರಿದ್ದರು. "ಬೇಡ ಮೇಸ್ತ್ರಿ, ಹೇಗಾದರೂ ಮಾಡಿ ಮುಗಿಸಿ" ಎಂದೆ. ಉಪಕರಣ ಆ ಸಂದಿಯಲ್ಲಿ ಹಿಡಿಯಲಿಲ್ಲ. ಅವರು ಕೈಯಿಂದಲೇ ಬಾಗಿಸತೊಡಗಿದರು. ಮೂರು ತಿರುವುಗಳು ಚೆನ್ನಾಗಿಯೇ ಬಂದವು. ಕಡೆಯ ತಿರುವಿನಲ್ಲಿ ಕೊಳವೆ ನೆಗ್ಗಿತು.

ಆ ಜಾಗ ಯಾರಿಗೂ ಕಾಣುವಂಥದ್ದಲ್ಲ. ಬಗ್ಗಿ ನೋಡಿದ ನಾನೇ, "ಪರವಾಗಿಲ್ಲ, ಹಾಕಿಬಿಡಿ" ಎಂದೆ. ಅವರು ಉತ್ತರಿಸಲಿಲ್ಲ. ಕೊಳವೆಯನ್ನು ಪೂರ್ತಿಯಾಗಿ ಹೊರಗೆಳೆದರು. ನೆಗ್ಗಿದ ಭಾಗವನ್ನು ಮಾತ್ರ ಕತ್ತರಿಸಿದರೆ ಉದ್ದ ಸಾಲದು. ನಡುವೆ ಬೆಸುಗೆ ಹಾಕಿದರೆ ಕಾಣದ ಕಡೆ ಇನ್ನೊಂದು ಕೂಡುಗಂಟು. ಎರಡೂ ಅವರಿಗೆ ಒಪ್ಪಿಗೆಯಾಗಲಿಲ್ಲ. ಹೊಸ ಕೊಳವೆಯನ್ನು ಸುರುಳಿಯಿಂದ ಬಿಡಿಸಿದರು. ಈ ಸಲ ನನ್ನನ್ನು ಕೇಳದೆಯೇ ಹಲಗೆಯನ್ನು ಬಿಚ್ಚಿದರು! ತುದಿಯನ್ನು ಅರಳಿಸುವ ಮುನ್ನ ನಟ್ಟನ್ನು ತೊಡಿಸಲು ಮರೆತು, ತಮ್ಮಷ್ಟಕ್ಕೆ ನಕ್ಕು, ಆ ತುದಿಯನ್ನೂ ಕತ್ತರಿಸಿದರು. ಅನುಭವಿಗಳೂ ಮಾಡುವ ತಪ್ಪಂತೆ ಅದು. ಎಲ್ಲ ಮುಗಿದ ಮೇಲೆ ಪ್ರತಿ ಕೂಡುಗಂಟಿಗೂ ಸಾಬೂನಿನ ನೊರೆ ಸವರಿ, ಗುಳ್ಳೆ ಏಳುವುದೇ ಎಂದು ಬಹಳ ಹೊತ್ತು ನೋಡುತ್ತಾ ಕುಳಿತರು. ಅಡುಗೆ ಅನಿಲ ಗಾಳಿಗಿಂತ ಭಾರವಾದದ್ದು. ಸೋರಿದರೆ ಮೇಲೇರಿ ಹೋಗದೆ ನೆಲದ ಮೇಲೆ ಹರಡಿಕೊಂಡು ಒಂದು ಕಿಡಿಗಾಗಿ ಕಾದಿರುತ್ತದೆ. ಮನೆಯವರು ಮಲಗುವುದೂ ಅದೇ ನೆಲದ ಮೇಲಲ್ಲವೇ?

ಸಂಜೆ, ಮೊದಲು ಮಾತಾಡಿಕೊಂಡಿದ್ದ ಹಣವನ್ನು ಕೊಟ್ಟೆ. ಅವರು ಎಣಿಸಿ ಜೇಬಿಗಿಟ್ಟುಕೊಂಡು ಹೊರಟರು. ಮಾರನೆಯ ದಿನ ಬಂದವರ ಮುಂದೆ ಅವರ ಪ್ರಾಮಾಣಿಕತೆಯನ್ನು ನಾನು ಬಾಯ್ತುಂಬ ಹೊಗಳಿದೆ. ಎಲ್ಲರೂ ಮೆಚ್ಚಿದರು. ಆ ಹೊಗಳಿಕೆಯ ನಡುವೆಯೇ, ಹಿತ್ತಲಿನಲ್ಲಿ ಬಿದ್ದಿದ್ದ ನೆಗ್ಗಿದ ಕೊಳವೆ ನನ್ನ ಕಣ್ಣಿಗೆ ಬಿತ್ತು. ಅದರ ಬೆಲೆಯನ್ನು ತೆತ್ತವರು ಯಾರು?

ಓದುಗರೇ, ಈ ಪ್ರಶ್ನೆಯನ್ನು ನಿಮ್ಮ ಮುಂದೆಯೂ ಇಡುತ್ತಿದ್ದೇನೆ. ಕಾಣದ ಕೆಲಸದಲ್ಲಿಯೂ ನಿಷ್ಠೆಯಿರಬೇಕೆಂದು ನಾವು ಮಕ್ಕಳಿಗೆ ಬೋಧಿಸುತ್ತೇವೆ. ಪ್ರತಿ ಮೇ 1ರಂದು ಕಾರ್ಮಿಕ ಸಂತ ಜೋಸೆಫರ ಹಬ್ಬವನ್ನು ಆಚರಿಸುತ್ತೇವೆ. ಜಗದ್ಗುರು ಹನ್ನೆರಡನೇ ಪಯಸ್ ಅವರು 1955ರಲ್ಲಿ ಅದನ್ನು ಸ್ಥಾಪಿಸಿದರು. ಶುಭಸಂದೇಶಗಳಲ್ಲಿ ಜೋಸೆಫರು ಆಡಿದ ಒಂದು ಮಾತೂ ದಾಖಲಾಗಿಲ್ಲ. ಅವರು ಕೆತ್ತಿದ ನೊಗವೋ ಬಾಗಿಲೋ ಇದ್ದಿದ್ದರೆ ಅದೂ ಉಳಿದಿಲ್ಲ. ಅವರನ್ನು ಗೌರವಿಸುವುದು ಸುಲಭ, ಏಕೆಂದರೆ ಅವರಿಗೆ ನಾವು ಕೂಲಿ ಕೊಡಬೇಕಾಗಿಲ್ಲ. ನಮ್ಮ ಕಟ್ಟೆಯ ಕೆಳಗೆ ಮಲಗಿರುವ ಮನುಷ್ಯನ ವಿಷಯ ಹಾಗಲ್ಲ. ಅವನು ಪ್ರಾಮಾಣಿಕನಾಗಿದ್ದರೆ ತಾಮ್ರ ವ್ಯರ್ಥವಾಗುತ್ತದೆ, ಹೊತ್ತು ಹೋಗುತ್ತದೆ, ಇನ್ನೊಂದು ಮನೆಯ ಕೆಲಸ ತಪ್ಪುತ್ತದೆ. ಲಾಭ ನಮ್ಮದು, ನಷ್ಟ ಅವನದು. ಹೀಗಿರುವಾಗ ಇಕ್ಕಳದಿಂದ ಒತ್ತಿ ಮುಚ್ಚಿಟ್ಟವನನ್ನು ಮಾತ್ರ ಪಾಪಿಯೆನ್ನುವುದು ಎಷ್ಟು ನ್ಯಾಯ?

"ಮೊದಲೇ ಒಪ್ಪಂದವಾಗಿತ್ತಲ್ಲ" ಎಂದು ನನ್ನ ಮನಸ್ಸು ವಾದಿಸಿತು. ಜಗದ್ಗುರು ಹದಿಮೂರನೇ ಲಿಯೋ ಅವರು 1891ರ 'ರೇರುಂ ನೋವಾರುಂ' ವಿಶ್ವಪರಿಪತ್ರದಲ್ಲಿ ಈ ವಾದವನ್ನೇ ಕೈಗೆತ್ತಿಕೊಂಡಿದ್ದಾರೆ. ಇಬ್ಬರೂ ಒಪ್ಪಿದ ಮಾತ್ರಕ್ಕೆ ಕೂಲಿ ನ್ಯಾಯವಾಗುವುದಿಲ್ಲ, ಒಪ್ಪಂದಕ್ಕಿಂತ ಮೇಲಾದ ನ್ಯಾಯವೊಂದಿದೆ ಎಂಬುದು ಅವರ ನಿಲುವು. ಅವರ ಕಣ್ಣಮುಂದೆ ಇದ್ದುದು ಕಾರ್ಖಾನೆಗಳ ಯುಗದ ಕಾರ್ಮಿಕರ ಬವಣೆ. ನನ್ನ ಅಡುಗೆಮನೆಯ ಒಂದು ತುಂಡು ತಾಮ್ರಕ್ಕೆ ಅಷ್ಟು ದೊಡ್ಡ ಬೋಧನೆಯನ್ನು ಎಳೆತರುವುದು ಅತಿಯಾಯಿತೆಂದು ಕೆಲವರಿಗೆ ತೋರಬಹುದು. ನನಗೆ ಹಾಗೆ ತೋರಲಿಲ್ಲ. ಹಲಗೆ ಬಿಚ್ಚಲು ಬಿಡದವನು ನಾನು, ಅವಸರಪಡಿಸಿದವನೂ ನಾನೇ.

ಆದರೂ ಆ ಮೇಸ್ತ್ರಿಯ ಮನೆ ಹುಡುಕಿಕೊಂಡು ಹೋಗಲು ನನಗೆ ಮೂರು ವಾರ ಬೇಕಾಯಿತು. ಹಣವನ್ನು ಮುಂದಿಟ್ಟಾಗ ಅದು ಯಾವುದರದೆಂದು ಅವರಿಗೆ ತಿಳಿಯಲಿಲ್ಲ. ಹೇಳಿದ ಮೇಲೆ, "ನೆಗ್ಗಿಸಿದ್ದು ನನ್ನ ಕೈ ಸಾರ್, ನಿಮ್ಮದಲ್ಲ" ಎಂದರು. ಹಲಗೆಯ ಮಾತನ್ನು ನಾನು ಎತ್ತಿದೆ. ಇಬ್ಬರೂ ಬಾಗಿಲಲ್ಲಿಯೇ ನಿಂತು ಸ್ವಲ್ಪ ಹೊತ್ತು ವಾದಿಸಿದೆವು. ಒಳಗಿನಿಂದ ಅವರ ಪತ್ನಿ ಕಾಫಿ ತಂದರು. ಕಡೆಗೆ ಅವರು ಅರ್ಧ ಹಣವನ್ನು ತೆಗೆದುಕೊಂಡು, ಉಳಿದರ್ಧವನ್ನು ನನ್ನ ಕೈಗೆ ಮರಳಿಸಿದರು.